"ಅಭ್ಯಾಸ ಆಗ್ತದೆ" ಅನ್ನುವ ಸುಳ್ಳು

1/9
ಮೊದಲ ಫೋಟೋ ನೋಡಿ. ಒಂದು ಕರ್ಚೀಫ್. ಮೊದಲು ನೀಲಿ ಇತ್ತು, ಈಗ ಅದರಲ್ಲಿ ಬಿಳಿ, ಕೆಂಪು, ಸಿಲ್ವರ್ ಎಲ್ಲ ಉಂಟು. ಫರಂಗಿಪೇಟೆಯಿಂದ ಬಿ.ಸಿ.ರೋಡಿಗೆ ಹೋಗುವ ಹೆದ್ದಾರಿ ಬದಿಯ ಒಂದು ಶೆಡ್‌ನಲ್ಲಿ ನಮ್ಮ ಸೀನಿಯರ್ ಒಬ್ಬ ಎರಡು ವರ್ಷ ಇದನ್ನೇ ಮೂಗಿಗೆ ಕಟ್ಟಿಕೊಂಡು ಕಾರಿಗೆ ಪೇಂಟ್ ಹೊಡೆದ. ಅವನ ಹೆಸರು ಹೇಳುದಿಲ್ಲ, ಶೆಡ್‌ನ ಹೆಸರೂ ಬೇಡ. ಫೋಟೋ ಹಾಕ್ಲಿಕ್ಕೆ ಅವನೇ ಒಪ್ಪಿದ್ದು.

ಸೇರಿದ ಮೊದಲ ವಾರ ಕಣ್ಣು ಉರಿ, ಗಂಟಲು ಕೆರೆತ. ಹೇಳಿದ್ದಕ್ಕೆ ಸಿಕ್ಕಿದ ಉತ್ತರ: "ಅಭ್ಯಾಸ ಆಗ್ತದೆ ಮಾರಾಯ."

ಈಗ ಅವನು ಪೇಂಟ್ ಹೊಡೆಯುದಿಲ್ಲ. ಪೇಂಟ್ ಹೊಡೆಯುವ ಶೆಡ್‌ನ ಒಳಗೆ ಕಾಲಿಟ್ಟರೆ ಸಾಕು, ಎದೆ ಹಿಡಿದುಕೊಳ್ತದೆ. ಕಿಸೆಯಲ್ಲಿ ಮೊಬೈಲಿನ ಪಕ್ಕ ಇನ್‌ಹೇಲರ್. ವಯಸ್ಸು 23.

ಈ ಒಂಬತ್ತು ಪೋಸ್ಟ್‌ಗಳೂ ಆ ಎರಡು ಪದದ ವಿರುದ್ಧ. ನಮ್ಮ ಕ್ಲಾಸಿನ ಅರ್ಧ ಜನ ನಾಳೆ ಇಂಥದ್ದೇ ಶೆಡ್‌ಗೆ ಕೆಲಸಕ್ಕೆ ಹೋಗುವವರು. ಅದಕ್ಕೇ ಬರೀತಾ ಇದ್ದೇನೆ. ಉದ್ದ ಉಂಟು, ಸೇವ್ ಮಾಡಿಟ್ಟು ಓದಿ.

2/9
ಎರಡನೇ ಫೋಟೋ: ಎರಡು ಡಬ್ಬಿ. ದೊಡ್ಡದು ಕ್ಲಿಯರ್ ಕೋಟ್, ಸಣ್ಣದು ಹಾರ್ಡ್‌ನರ್. ಎರಡನ್ನೂ ಬೆರೆಸಿ ಹೊಡೆಯುದಕ್ಕೆ "ಟು-ಕೆ" ಪೇಂಟ್ ಅನ್ನುದು. ನಾವೆಲ್ಲ "ಎಂತ ಶೈನಿಂಗ್ ಮಾರ್ರೆ" ಅಂತ ಬಾಯಿ ಬಿಟ್ಟು ನೋಡುವ ಕನ್ನಡಿಯಂಥ ಫಿನಿಶ್ ಬರುದು ಆ ಸಣ್ಣ ಡಬ್ಬಿಯಿಂದ.

ಅದರ ಒಳಗೆ ಇರುದು ಐಸೋಸಯನೇಟ್. ಸಾರಜನಕ, ಇಂಗಾಲ, ಆಮ್ಲಜನಕ ಒಂದರ ಪಕ್ಕ ಒಂದು ಕೂತ ಒಂದು ಗುಂಪು. ತುಂಬ ಚುರುಕು. ದೊಡ್ಡ ಡಬ್ಬಿಯ ರಾಳ ಸಿಕ್ಕಿದ ಕೂಡಲೇ ಹಿಡಿದು ಬಲೆ ಹೆಣೆಯುತ್ತದೆ. ಆ ಬಲೆಯೇ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯಲ್ಲಿ ಒಟ್ಟೋ ಬೇಯರ್ ಮತ್ತು ಜೊತೆಗಾರರು ಕಂಡುಹಿಡಿದದ್ದು. ಕಾರಿನ ಕ್ಲಿಯರ್ ಕೋಟ್‌ನಲ್ಲಿ ಹೆಚ್‌ಡಿಐ, ಹಾಸಿಗೆಯ ಫೋಮ್‌ಗೆ ಟಿಡಿಐ, ಫ್ರಿಜ್ ಮತ್ತು ಕೋಲ್ಡ್ ಸ್ಟೋರೇಜ್ ಫೋಮ್‌ಗೆ ಎಂಡಿಐ. ಎಲ್ಲ ಒಂದೇ ಕುಟುಂಬ. ಮರದ ಬಾಗಿಲು, ಸೋಫಾಗೆ ಹೊಡೆಯುವ ಟು-ಕೆ ಪಿಯು ಪಾಲಿಶ್ ಕೂಡ ಇದೇ ಬಳಗ.

ಹೆದರಿಸ್ಲಿಕ್ಕೆ ಬರೆದದ್ದಲ್ಲ. ಪೂರ್ತಿ ಗಟ್ಟಿಯಾದ ಮೇಲೆ ನಿಮ್ಮ ಹಾಸಿಗೆ, ನಿಮ್ಮ ಕಾರು ನಿಮಗೆ ಎಂತದೂ ಮಾಡುದಿಲ್ಲ. ಅಪಾಯ ಇರುದು ಅದು ದ್ರವ ಆಗಿದ್ದಾಗ, ಗನ್ನಿನಿಂದ ಮಂಜಾಗಿ ಹಾರುವಾಗ, ಸರಿಯಾಗಿ ಒಣಗುವ ಮೊದಲೇ ಉಜ್ಜಿದಾಗ, ಮತ್ತೆ ಗಟ್ಟಿಯಾದ ಪೇಂಟ್, ಫೋಮ್ ಮೇಲೆ ವೆಲ್ಡಿಂಗ್ ಮಾಡಿ ಸುಟ್ಟಾಗ. ಅಂದರೆ ಅಪಾಯ ಇರುದು ಗಿರಾಕಿಗೆ ಅಲ್ಲ, ಕೆಲಸಗಾರನಿಗೆ.

3/9
ಈಗ "ಅಭ್ಯಾಸ ಆಗ್ತದೆ" ಎಂಬಲ್ಲಿಗೆ ಬರುವಾ.

ಅಭ್ಯಾಸ ಆಗುದು ಮೂಗಿಗೆ. ಥಿನ್ನರ್ ವಾಸನೆ ಮೊದಲ ದಿನ ತಲೆ ತಿರುಗಿಸ್ತದೆ, ತಿಂಗಳು ಕಳೆದರೆ ಗೊತ್ತೇ ಆಗುದಿಲ್ಲ. ಆದ್ರೆ ಶ್ವಾಸಕೋಶಕ್ಕೆ ಐಸೋಸಯನೇಟ್ ಅಭ್ಯಾಸ ಆಗುದಿಲ್ಲ. ಸರಿಯಾಗಿ ಉಲ್ಟಾ ಆಗುದು. ಕೆಲವರಿಗೆ ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳ್ತದಲ್ಲ, ಆ ಥರ. ದೇಹ ಅದನ್ನು ವೈರಿ ಅಂತ ಗುರುತು ಹಾಕಿ ಇಟ್ಟುಕೊಳ್ತದೆ. ಅದಕ್ಕೆ ಕೆಲವು ವಾರ ಸಾಕಾಗಬಹುದು, ಕೆಲವು ವರ್ಷವೂ ಆಗಬಹುದು. ಅಲ್ಲಿಯವರೆಗೆ ಮನುಷ್ಯ ಸರಿ ಇರ್ತಾನೆ. ಒಮ್ಮೆ ಗುರುತು ಬಿತ್ತೋ, ಆಮೇಲೆ ಎಲ್ಲಿಯೋ ಒಂದು ಚೂರು ಸಿಕ್ಕಿದರೂ ಉಬ್ಬಸ. ಆ ಗುರುತನ್ನು ಅಳಿಸುವ ಮದ್ದು ಇಲ್ಲ. ಇರುವ ದಾರಿ ಒಂದೇ, ಅದರಿಂದ ದೂರ ಹೋಗುದು. ಅಂದರೆ ಕಲಿತ ಕೆಲಸವನ್ನೇ ಬಿಡುದು.

ಲಕ್ಷಣ ಹೇಳ್ತೇನೆ, ನೆನಪಿಟ್ಟುಕೊಳ್ಳಿ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕೆಮ್ಮು, ಎದೆ ಬಿಗಿತ, ಉಸಿರಿನಲ್ಲಿ ಸೀಟಿ. ಆದಿತ್ಯವಾರ ಕಮ್ಮಿ. ಹಬ್ಬಕ್ಕೆ ನಾಲ್ಕು ದಿನ ರಜೆ ಸಿಕ್ಕಿದರೆ ಆರಾಮ. ಕೆಲಸಕ್ಕೆ ಹೋದ ಕೂಡಲೇ ಪುನಃ ಶುರು. "ಮಳೆಗಾಲದ ಶೀತ" ಅಂತ ಸಿರಪ್ ಕುಡಿದು ಕೂತುಕೊಳ್ಳಬೇಡಿ. ಡಾಕ್ಟರ್ ಹತ್ತಿರ ಹೋದಾಗ ಮೊದಲು ಹೇಳಬೇಕಾದ ಮಾತು: "ನಾನು ಟು-ಕೆ ಪೇಂಟ್ ಹೊಡೆಯುವವ." ನಮ್ಮ ಸೀನಿಯರ್‌ನ ಹತ್ತಿರ ಯಾರೂ ಅದನ್ನು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ.

4/9
"ವಾಸನೆ ಜಾಸ್ತಿ ಆದ್ರೆ ಹೊರಗೆ ಬರ್ತೇವೆ" ಅನ್ನುವವರಿಗೆ.

ನಿಮಗೆ ಬರುವ ವಾಸನೆ ಥಿನ್ನರ್‌ದ್ದು. ಹಾರ್ಡ್‌ನರ್‌ನ ಐಸೋಸಯನೇಟ್ ಅಪಾಯದ ಮಟ್ಟ ದಾಟಿದರೂ ಮೂಗಿಗೆ ಗೊತ್ತಾಗುದಿಲ್ಲ.

ಬ್ರಿಟನ್ನಿನಲ್ಲಿ ಎಂಟು ಗಂಟೆಯ ಕೆಲಸಕ್ಕೆ ಇಟ್ಟ ಮಿತಿ ಒಂದು ಘನ ಮೀಟರ್ ಗಾಳಿಗೆ 0.02 ಮಿಲಿಗ್ರಾಂ. ಲೆಕ್ಕ ಮಾಡುವಾ. ಶೆಡ್ 10 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. 150 ಘನ ಮೀಟರ್. ಇಡೀ ಶೆಡ್‌ನ ಗಾಳಿಗೆ ಮಿತಿ 3 ಮಿಲಿಗ್ರಾಂ. ಸುಮಾರು ಒಂದು ಸಾಸಿವೆ ಕಾಳಿನ ತೂಕ. ಒಂದು ಬಾನೆಟ್‌ಗೆ ಎಷ್ಟು ಮಿಲಿ ಮಿಕ್ಸ್ ಮಾಡ್ತೀರಿ, ನೀವೇ ಹೇಳಿ.

ಇದರ ಎದುರು ಕರ್ಚೀಫ್ ಕಟ್ಟುದು ಅಂದ್ರೆ ಸೊಳ್ಳೆಗೆ ಕಬ್ಬಿಣದ ಗೇಟ್ ಹಾಕಿದ ಹಾಗೆ. ಕೊರೊನಾ ಕಾಲದ ನೀಲಿ ಮಾಸ್ಕ್ ಕೂಡ ಅಷ್ಟೇ. ಕಾರ್ಬನ್ ಕಾರ್ಟ್ರಿಜ್ ಮಾಸ್ಕ್ ಸ್ವಲ್ಪ ಉತ್ತಮ, ಆದ್ರೆ ಅದರಲ್ಲೊಂದು ಮೋಸ ಉಂಟು. ಕಾರ್ಟ್ರಿಜ್ ಮುಗಿದದ್ದು ಗೊತ್ತಾಗುದು ವಾಸನೆಯಿಂದ. ಇದಕ್ಕೆ ಆ ವಾಸನೆಯೇ ಇಲ್ಲ.

5/9
"ಇದು ಭೋಪಾಲದ ಗ್ಯಾಸ್ ಅಲ್ವಾ?" ಅಂತ ಕಳೆದ ಸಲ ಒಬ್ಬ ಕೇಳಿದ್ದ. ಸರಿಯಾದ ಉತ್ತರ ಕೊಡ್ಬೇಕು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೋಸಯನೇಟ್. ಕುಟುಂಬದ ಹೆಸರು ಒಂದೇ, ಗುಣ ಬೇರೆ. ಅದು ಸುಲಭವಾಗಿ ಆವಿಯಾಗಿ ಊರಿಗೆ ಊರನ್ನೇ ಆವರಿಸಿತು. ಹಾರ್ಡ್‌ನರ್‌ನಲ್ಲಿರುದು ದಪ್ಪ ಅಣು, ತನ್ನಷ್ಟಕ್ಕೆ ಹೆಚ್ಚು ಆವಿಯಾಗುದಿಲ್ಲ. "ಹಾಗಾದ್ರೆ ಸೇಫ್" ಅಂತ ಅಂಗಡಿಯವರು ಹೇಳುದು ಇದನ್ನೇ ಹಿಡಿದುಕೊಂಡು. ಆದ್ರೆ ಸ್ಪ್ರೇ ಗನ್ನಿನ ಕೆಲಸ ಎಂತದು? ಆವಿಯಾಗದ್ದನ್ನು ಒತ್ತಡದಿಂದ ಒಡೆದು ಉಸಿರಾಡುವಷ್ಟು ಸಣ್ಣ ಹನಿ ಮಾಡುದು.

ಇನ್ನೊಂದು ವ್ಯತ್ಯಾಸ. ಒಟ್ಟಿಗೆ ಸತ್ತರೆ ಸುದ್ದಿ. 2022ರ ಏಪ್ರಿಲ್‌ನಲ್ಲಿ ಬಜ್ಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದ ಟ್ಯಾಂಕಿನಲ್ಲಿ ವಿಷಗಾಳಿಗೆ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಸತ್ತಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು. ಒಬ್ಬೊಬ್ಬನೇ ಕೆಮ್ಮುತ್ತಾ ಕೆಲಸ ಬಿಟ್ಟು ಮನೆಗೆ ಹೋದರೆ ಯಾವ ಪೇಪರಿನಲ್ಲೂ ಬರುದಿಲ್ಲ.

6/9
ಅತಿ ಹೆಚ್ಚು ಕೇಳಿದ ವಾದ: "ನಾನು 20 ವರ್ಷದಿಂದ ಹೊಡೀತಾ ಇದ್ದೇನೆ, ನನಗೆ ಎಂತದೂ ಆಗ್ಲಿಲ್ಲ."

ಒಳ್ಳೇದಾಯ್ತು ಅಣ್ಣಾ, ಆಗದೇ ಇರ್ಲಿ. ಆದ್ರೆ ಒಂದು ಪ್ರಶ್ನೆ. ನಿಮ್ಮ ಒಟ್ಟಿಗೆ ಕೆಲಸ ಕಲಿತವರು ಎಲ್ಲಿ? ಆದವರು ಈಗ ಗ್ಯಾರೇಜಿನಲ್ಲಿ ಇಲ್ಲ. ಒಬ್ಬ ರಿಕ್ಷಾ ಓಡಿಸ್ತಾನೆ, ಒಬ್ಬ ಅಂಗಡಿ ಇಟ್ಟಿದ್ದಾನೆ. ಉಳಿದವರನ್ನು ಮಾತ್ರ ಎಣಿಸಿದರೆ ಯಾವ ಕೆಲಸವೂ ಸೇಫ್ ಆಗಿಯೇ ಕಾಣ್ತದೆ. ದಡಕ್ಕೆ ಬಂದವರ ಹತ್ತಿರ ಕೇಳಿದರೆ ನೇತ್ರಾವತಿಯಲ್ಲಿ ಯಾರೂ ಮುಳುಗ್ಲೇ ಇಲ್ಲ.

ಎಣಿಸಿದ ದೇಶ ಉಂಟು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ ವಾಹನಗಳಿಗೆ ಸ್ಪ್ರೇ ಪೇಂಟ್ ಮಾಡುವವರಿಗೆ ಕೆಲಸದಿಂದ ಅಸ್ತಮಾ ಬರುವ ಸಾಧ್ಯತೆ ಉಳಿದ ಕೆಲಸಗಾರರಿಗಿಂತ ಸುಮಾರು 80 ಪಟ್ಟು. ಅಷ್ಟು ಕಾನೂನು, ಅಷ್ಟು ತಪಾಸಣೆ ಇರುವಲ್ಲಿ ಈ ಕಥೆ.

7/9
ನಮ್ಮಲ್ಲಿ ಕಾನೂನು ಇಲ್ವಾ? ಉಂಟು. 1948ರ ಕಾರ್ಖಾನೆ ಕಾಯ್ದೆಗೆ ಭೋಪಾಲದ ನಂತರ 1987ರಲ್ಲಿ ತಿದ್ದುಪಡಿ ಆಯ್ತು. ಅಪಾಯದ ಮಾಹಿತಿಯನ್ನು ಕೆಲಸಗಾರನಿಗೆ ಕೊಡ್ಲೇಬೇಕು ಅಂತ ಆಯ್ತು. ಸರ್ಕಾರಕ್ಕೆ ವರದಿ ಮಾಡ್ಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಐಸೋಸಯನೇಟ್ ವಿಷಬಾಧೆ ಹೆಸರು ಹಿಡಿದೇ ಉಂಟು.

ಆದ್ರೆ ಆ ಕಾಯ್ದೆಯ ಪ್ರಕಾರ ಕರೆಂಟ್ ಬಳಸುವ ಜಾಗದಲ್ಲಿ 10 ಕೆಲಸಗಾರರು ಇದ್ದರೆ ಮಾತ್ರ ಅದು ಕಾರ್ಖಾನೆ. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು 20 ಮಾಡಿತು. ನಮ್ಮ ಹೆದ್ದಾರಿ ಬದಿಯ ಶೆಡ್‌ನಲ್ಲಿ ಎಷ್ಟು ಜನ? ಮೂರು, ನಾಲ್ಕು. ಕಾಯಿಲೆಗೆ ಪಟ್ಟಿಯಲ್ಲಿ ಜಾಗ ಉಂಟು, ಕಾಯಿಲೆ ಬಂದವನಿಗೆ ಇಲ್ಲ. ಅಪಾಯಕಾರಿ ಕೆಲಸ ಅಂತ ಅಧಿಸೂಚನೆ ಹೊರಡಿಸಿದರೆ ಒಬ್ಬನೇ ಕೆಲಸಗಾರ ಇರುವಲ್ಲಿಗೂ ಸಂಹಿತೆ ಅನ್ವಯಿಸುವ ಹಾಗೆ ಮಾಡಬಹುದು. ಆ ಬಾಗಿಲು ಕಾನೂನಿನಲ್ಲೇ ಉಂಟು. ಟು-ಕೆ ಸ್ಪ್ರೇಗೆ ಅದನ್ನು ತೆರೀಬೇಕು.

ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ ತರಬೇತಿ ಇಲ್ಲದವರು ಕೆಲಸದಲ್ಲಿ ಇದನ್ನು ಬಳಸುವ ಹಾಗೇ ಇಲ್ಲ. ಇಲ್ಲಿ? ಅಂಗಡಿಗೆ ಹೋಗಿ, ಸಕ್ಕರೆ ತಂದ ಹಾಗೆ ತರಬಹುದು. ಎಚ್ಚರಿಕೆ ಇರುದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಹೊಡೆಯುವವನ ಬಾಯಲ್ಲಿರುದು ತುಳು, ಬ್ಯಾರಿ, ಕನ್ನಡ, ಹಿಂದಿ. ಓದ್ಲಿಕ್ಕಾಗದ ಎಚ್ಚರಿಕೆ ಕೆಲಸಗಾರನನ್ನು ಉಳಿಸ್ಲಿಕ್ಕೆ ಅಲ್ಲ, ಕಂಪೆನಿಯನ್ನು ಉಳಿಸ್ಲಿಕ್ಕೆ ಇರುದು.

8/9
ಬೈದದ್ದು ಸಾಕು. ಎಂತ ಮಾಡ್ಬೇಕು? ಸ್ಕ್ರೀನ್‌ಶಾಟ್ ತೆಗೀರಿ.

▪️ ಟು-ಕೆ ಸ್ಪ್ರೇ ಮಾಡುವಾಗ ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಏರ್-ಫೆಡ್ ಮಾಸ್ಕ್. ಆ ಗಾಳಿ ಎಳೆಯುವ ಕಂಪ್ರೆಸರ್ ಸ್ಪ್ರೇ ಜಾಗದಿಂದ ದೂರ, ಉಸಿರಾಟದ ಗಾಳಿಯ ಫಿಲ್ಟರ್ ಸಮೇತ.
▪️ ಗನ್ ಕೆಳಗಿಟ್ಟ ಕೂಡಲೇ ಮಾಸ್ಕ್ ಎತ್ತಿ ಫಿನಿಶ್ ನೋಡಬೇಡಿ. ಕಣ್ಣಿಗೆ ಕಾಣದ ಮಂಜು ಇನ್ನೂ ಗಾಳಿಯಲ್ಲಿ ಉಂಟು. ಅದು ಹೋಗುವವರೆಗೆ ಬೇರೆ ಯಾರೂ ಒಳಗೆ ಬರಬಾರದು, ಚಾ ತರುವ ಹುಡುಗ ಕೂಡ.
▪️ ಮಳೆಗಾಲದಲ್ಲಿ ಧೂಳು, ತೇವ ಬೇಡ ಅಂತ ಶಟರ್ ಎಳೆದು ಹೊಡೆಯುದು ಅತಿ ಕೆಟ್ಟ ಕ್ರಮ. ಫಿಲ್ಟರ್ ಇರುವ ಬೂತ್ ಬೇಕು, ಗಾಳಿಯನ್ನು ಹೊರಗೆ ಎಳೆಯುವ ಫ್ಯಾನ್ ಬೇಕು.
▪️ ಚರ್ಮದಿಂದಲೂ ಅಲರ್ಜಿ ಶುರುವಾಗಬಹುದು. ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ, ಕಣ್ಣಿಗೆ ರಕ್ಷಣೆ. ಮೈಗೆ ಬಿದ್ದರೆ ಕೂಡಲೇ ಸೋಪು ನೀರು. ಥಿನ್ನರ್‌ನಲ್ಲಿ ಕೈ ತೊಳೆಯಬೇಡಿ.
▪️ ಹಾರ್ಡ್‌ನರ್‌ಗೆ ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ನಮ್ಮ ಕರಾವಳಿಯ ತೇವ ಸೇರಿದ ಡಬ್ಬಿಯನ್ನು ಬಿಗಿ ಮುಚ್ಚಿದರೆ ಉಬ್ಬಿ ಒಡೆಯಬಹುದು. ಉಬ್ಬಿದ ಡಬ್ಬಿ ಮುಟ್ಟಬೇಡಿ, ಮಾಲೀಕರಿಗೆ ಹೇಳಿ.
▪️ ಚೆಲ್ಲಿದರೆ ಮರಳು ಅಥವಾ ಒಣ ಮಣ್ಣು ಹಾಕಿ ಎತ್ತಿ, ಗಾಳಿ ಇರುವ ಜಾಗದಲ್ಲಿ ಮುಚ್ಚಳ ಸಡಿಲ ಇಟ್ಟು ಬಿಡಿ.
▪️ ಕೆಲಸಕ್ಕೆ ಸೇರುವ ಮೊದಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಉಸಿರಾಟದ ಪರೀಕ್ಷೆ. ಅಸ್ತಮಾ ಇರುವವರು ಈ ಕೆಲಸಕ್ಕೆ ಹೋಗುದೇ ಬೇಡ.

9/9
ಕೊನೇದು ನಮಗೇ.

ಆ "ಸ್ಯಾಟಿಸ್‌ಫೈಯಿಂಗ್" ರೀಲ್ ಗೊತ್ತುಂಟಲ್ಲ? ಗನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತದೆ, ಹಿಂದೆಯೇ ಹೊಳಪು ಬರ್ತದೆ, ಹಿನ್ನೆಲೆಯಲ್ಲಿ ಮಾಸ್ ಮ್ಯೂಸಿಕ್. ನಾನೂ ಲೈಕ್ ಹಾಕಿದವನೇ. ಇನ್ನು ನೋಡುವಾಗ ಹೊಳಪು ನೋಡುವ ಮೊದಲು ಹೊಡೆಯುವವನ ಮೂಗು ನೋಡಿ. ಬರೀ ಮುಖ ಇದ್ದರೆ ಲೈಕ್ ಬೇಡ, ಕಾಮೆಂಟಿನಲ್ಲಿ ಕೇಳಿ: "ಮಾಸ್ಕ್ ಎಲ್ಲಿ?"

ಬೈಕ್ ರೀಪೇಂಟ್ ಮಾಡಿಸುವಾಗ ನಾಲ್ಕು ಶೆಡ್ ಸುತ್ತಿ ಐನೂರು ರೂಪಾಯಿ ಚೌಕಾಶಿ ಮಾಡ್ತೇವೆ. ಆ ಐನೂರು ಎಲ್ಲಿಂದ ಕಡಿಮೆ ಆಯ್ತು? ಪೇಂಟ್ ಡಬ್ಬಿಯಿಂದ ಅಲ್ಲ. ಸಣ್ಣ ಮಾಲೀಕರು ರಾಕ್ಷಸರಲ್ಲ. ಅವರಿಗೂ ಯಾರೂ ಹೇಳ್ಲಿಲ್ಲ, ತುಂಬ ಜನ ತಾವೂ ಅದೇ ಗಾಳಿ ಕುಡಿದವರು. ಆದ್ರೆ ಒಳ್ಳೆ ಗನ್‌ಗೆ ದುಡ್ಡು ಉಂಟು, ಮಾಸ್ಕ್‌ಗೆ ಇಲ್ಲ ಅಂದರೆ ಅದು ಬಡತನ ಅಲ್ಲ, ಲೆಕ್ಕಾಚಾರ.

ನಮ್ಮ ಪಾಠದಲ್ಲಿ ಪೇಂಟಿಂಗ್ ಬರ್ತದೆ, ಗನ್ ಹಿಡಿಯುವ ಕೋನ ಬರ್ತದೆ, ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆ ಬರ್ತದೆ. ಐಸೋಸಯನೇಟ್ ಅನ್ನುವ ಪದ ನಾನು ಮೊದಲು ಕೇಳಿದ್ದು ಕ್ಲಾಸಿನಲ್ಲಿ ಅಲ್ಲ, ಸೀನಿಯರ್‌ನ ಆಸ್ಪತ್ರೆ ಚೀಟಿ ಹಿಡಿದು ಗೂಗಲ್ ಮಾಡಿದಾಗ. ಇದು ತಪ್ಪು. ನಾವು ಲೆಕ್ಚರರ್ ಹತ್ತಿರ ಕೇಳುವಾ. ಒಬ್ಬ ಕೇಳಿದರೆ ಜೋರು ಮಾಡ್ಬಹುದು, ಇಡೀ ಬೆಂಚು ಕೇಳಿದರೆ ಪಾಠ ಮಾಡ್ಲೇಬೇಕು.

ಮತ್ತೆ ಕೆಲಸಕ್ಕೆ ಸೇರಿದ ಮೊದಲ ವಾರ ಕಣ್ಣು ಉರಿದಾಗ ಯಾರಾದರೂ ಬೆನ್ನು ತಟ್ಟಿ "ಅಭ್ಯಾಸ ಆಗ್ತದೆ" ಅಂದರೆ ಹೇಳಿ: "ಇಲ್ಲ ಅಣ್ಣಾ, ಇದು ಅಭ್ಯಾಸ ಆಗುದಿಲ್ಲ. ಮಾಸ್ಕ್ ಕೊಡಿ, ಮತ್ತೆ ಹೊಡೀತೇನೆ."

ಪೇಂಟ್ ಶೆಡ್‌ನಲ್ಲಿ ಕೆಲಸ ಮಾಡುವ ಒಬ್ಬರಿಗಾದರೂ ಕಳಿಸಿ.

#ಫರಂಗಿಪೇಟೆ #ಬಂಟ್ವಾಳ #ಮಾಸ್ಕ್‌ಎಲ್ಲಿ #ಕೆಲಸಗಾರರಸುರಕ್ಷತೆ