ಇಮ್ಮಡಿಯಾಗುವ ಸಾಲ

ಗೃಹಸ್ಥನೊಬ್ಬನು ಮಗಳ ಮದುವೆಗೆಂದು ಒಂದು ಲಕ್ಷ ರೂಪಾಯಿ ಸಾಲ ಮಾಡಲು ಹೊರಟಿದ್ದಾನೆಂದು ಇಟ್ಟುಕೊಳ್ಳೋಣ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು; ಸಲ್ಲದೆ ಉಳಿದ ಬಡ್ಡಿ ಅಸಲಿಗೆ ಸೇರತಕ್ಕದ್ದೆಂದು ಕರಾರು. ‘ತಿಂಗಳಿಗೆ ಎರಡು ಸಾವಿರವಷ್ಟೆ, ಸಾಲ ಇಮ್ಮಡಿಯಾಗಲು ಐವತ್ತು ತಿಂಗಳಾದರೂ ಬೇಕು’ ಎಂದು ಆತನ ಸಮಾಧಾನ. ಪಕ್ಕದ ಕೋಣೆಯಲ್ಲಿ ಹೈಸ್ಕೂಲಿನ ಮಗ ಘಾತಾಂಕದ ಸೂತ್ರಗಳನ್ನು ಉರುಹೊಡೆಯುತ್ತ, ‘ಇದರಿಂದ ಯಾರಿಗೆ ಏನು ಪ್ರಯೋಜನ?’ ಎಂದು ಗೊಣಗುತ್ತಿದ್ದಾನೆ. ತಂದೆಗೆ ಬೇಕಾದ ಉತ್ತರ ಮಗನ ಪುಸ್ತಕದಲ್ಲಿಯೇ ಇದೆ, ಇಬ್ಬರೂ ಅದನ್ನರಿಯರು.

ಚಕ್ರಬಡ್ಡಿಯ ಸಾಲ ಕೂಡುತ್ತ ಬೆಳೆಯುವುದಿಲ್ಲ, ಗುಣಿಸುತ್ತ ಬೆಳೆಯುತ್ತದೆ. ತಿಂಗಳಿಗೊಮ್ಮೆ ಅದು 1.02ರಿಂದ ಗುಣಿತವಾಗುತ್ತದೆ, ಹತ್ತು ತಿಂಗಳಿಗೆ 1.02ರ ಹತ್ತನೆಯ ಘಾತದಿಂದ. ಹಾಗಾದರೆ ಎಷ್ಟನೆಯ ಘಾತದಲ್ಲಿ ಅದು 2 ಆದೀತು? ಇಲ್ಲಿ ಅಜ್ಞಾತ ಸಂಖ್ಯೆಯು ಘಾತದ ಸ್ಥಾನದಲ್ಲಿ, ಮೇಲೇರಿ ಕುಳಿತಿದೆ. ಅದನ್ನು ಕೆಳಗಿಳಿಸುವ ಉಪಾಯವೇ ಲಾಗರಿದಮ್.

ಹತ್ತರ ಎರಡನೆಯ ಘಾತ ನೂರು. ಆದಕಾರಣ ನೂರರ ಲಾಗರಿದಮ್ 2. ಸಾವಿರದ್ದು 3. ನೂರನ್ನು ಸಾವಿರದಿಂದ ಗುಣಿಸಿದರೆ ಲಕ್ಷ. ಅದರ ಲಾಗರಿದಮ್ 2ಕ್ಕೆ 3 ಕೂಡಿ 5. ಗುಣಾಕಾರವು ಸಂಕಲನವಾಯಿತು, ಅಂತೆಯೇ ಘಾತವು ಗುಣಾಕಾರವಾಗುತ್ತದೆ. 2ರ ಲಾಗರಿದಮ್ 0.3010, 1.02ರದು 0.0086. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 35. ಗೃಹಸ್ಥನ ಸಾಲ ಐವತ್ತು ತಿಂಗಳಿಗಲ್ಲ, ಮೂವತ್ತೈದಕ್ಕೇ ಎರಡು ಲಕ್ಷ, ಎಪ್ಪತ್ತಕ್ಕೆ ನಾಲ್ಕು, ನೂರೈದಕ್ಕೆ ಎಂಟು!

ಈ ಉಪಾಯವನ್ನು 1614ರಲ್ಲಿ ಪ್ರಕಟಿಸಿದವನು ಸ್ಕಾಟ್ಲೆಂಡಿನ ಜಾನ್ ನೇಪಿಯರ್. ಅದರ ಹಿಂದೆ ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯಿತ್ತು. ಮರುವರ್ಷ ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ ಎಡಿನ್‌ಬರೋವರೆಗೆ ಪ್ರಯಾಣ ಮಾಡಿ ಅವನನ್ನು ಕಂಡನು. ಹತ್ತನ್ನು ಆಧಾರವಾಗಿಟ್ಟ ಲಾಗರಿದಮ್ ಅವರಿಬ್ಬರ ಸಮಾಲೋಚನೆಯ ಫಲ. ನೇಪಿಯರ್ 1617ರಲ್ಲಿ ತೀರಿಕೊಂಡನು. ಬ್ರಿಗ್ಸ್ ಕೆಲಸವನ್ನು ಮುಂದುವರಿಸಿ, 1624ರಲ್ಲಿ ಮೂವತ್ತು ಸಾವಿರ ಸಂಖ್ಯೆಗಳ ಲಾಗರಿದಮ್‌ಗಳನ್ನು ಹದಿನಾಲ್ಕು ದಶಮಾಂಶ ಸ್ಥಾನಗಳವರೆಗೆ ಅಚ್ಚು ಹಾಕಿಸಿದನು. ಖಗೋಳಜ್ಞರ ಎಷ್ಟೋ ದಿನಗಳ ಶ್ರಮ ಇದರಿಂದ ಉಳಿಯಿತು.

1970ರ ದಶಕದಲ್ಲಿ ಕ್ಯಾಲ್ಕ್ಯುಲೇಟರ್ ಬಳಕೆಗೆ ಬಂದ ಮೇಲೆ ಆ ಕೋಷ್ಟಕಗಳು ಕಪಾಟು ಸೇರಿದವು. ಆದರೆ ಯಾವ ಯಂತ್ರವೂ ತಾನಾಗಿ ಪ್ರಶ್ನೆ ಕೇಳದು, ಕೇಳಬೇಕಾದವನು ಮನುಷ್ಯನೇ. ಸಾಲಪತ್ರಕ್ಕೆ ರುಜು ಹಾಕುವ ಮುನ್ನ ತಂದೆಯು ಒಮ್ಮೆ ಒಳಗೆ ಹೋಗಿ, ‘ಮಗೂ, ಇದು ಎಷ್ಟು ತಿಂಗಳಿಗೆ ಇಮ್ಮಡಿಯಾದೀತು, ನೋಡು’ ಎನ್ನಲಿ. ಅಂದು ಮಗನಿಗೆ ತನ್ನ ಪಾಠದ ಪ್ರಯೋಜನ ತಿಳಿದೀತು. ತಂದೆಗೆ ತನ್ನ ಸಾಲದ ಭಾರ ತಿಳಿದೀತು.