ಬೋರ್ಡು ಬದಲಾಯಿಸಿದರೆ ಹಳೇ ಸಾಲ ತೀರೀತೇ?

ಇಗರ್ಜಿಯಲ್ಲಿ ಮದುವೆಯಾದ ಗಂಡ ಒಂದು ದಿನ ಕಲ್ಮಾ ಓದಿ ಮುಸಲ್ಮಾನನಾಗುತ್ತಾನೆ. ಹೊಸ ಹೆಸರೂ ಇಟ್ಟುಕೊಳ್ಳುತ್ತಾನೆ. ಆಗಲಿ. ಯಾವ ದೇವರನ್ನು ನಂಬಬೇಕು ಅನ್ನೋದು ಅವನಿಷ್ಟ. ಸಂವಿಧಾನದ 25ನೇ ವಿಧಿಯೇ ಅವನ ಬೆನ್ನಿಗಿದೆ. ಆದರೆ ಹೊಸ ಹೆಸರಿನ ಹಿಂದೆಯೇ ಹೊಸ ಹೆಂಡತಿಯೂ ಬಂದರೆ? ಜನ ಅನುಮಾನ ಪಡದೆ ಇರುತ್ತಾರೆಯೇ? ಆ ಅನುಮಾನ ಇಸ್ಲಾಮಿನ ಮೇಲಲ್ಲ ಸ್ವಾಮೀ, ಆ ಗಂಡನ ಮೇಲೆ.

ಇದು ಕಟ್ಟುಕತೆಯಲ್ಲ. ಸಿಲೋನಿನಲ್ಲಿ 1933ರಲ್ಲಿ ಕ್ರೈಸ್ತ ಪದ್ಧತಿಯಂತೆ ಮದುವೆಯಾಗಿದ್ದ ಒಬ್ಬ ಮನುಷ್ಯ 1959ರಲ್ಲಿ ಇಸ್ಲಾಂ ಸೇರಿ, ಅದೇ ವರ್ಷ ಮುಸ್ಲಿಂ ಕಾನೂನಿನಂತೆ ಇನ್ನೊಬ್ಬಳನ್ನು ಕಟ್ಟಿಕೊಂಡ. ಮೊದಲ ಹೆಂಡತಿ ಬದುಕಿದ್ದಳು, ವಿಚ್ಛೇದನವೂ ಆಗಿರಲಿಲ್ಲ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಮೇಲಿನ ಕೋರ್ಟು ಬಿಟ್ಟಿತು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1965ರಲ್ಲಿ ಅಲ್ಲಿಯೂ ಅವನೇ ಗೆದ್ದ. ಮತ ಬದಲಿಸಿದವನಿಗೆ ಹೊಸ ಮತದ ಕಾನೂನಿನಂತೆ ಮದುವೆಯಾಗುವ ಹಕ್ಕುಂಟು, ಬೇಡವಾದರೆ ಸರ್ಕಾರ ಕಾನೂನು ಮಾಡಿ ತಡೆಯಲಿ ಎಂದಿತು ತೀರ್ಪು.

ಹೀಗೆ ತೆರೆದ ಬಾಗಿಲು ಮುಚ್ಚಲು ಮೂವತ್ತೆರಡು ವರ್ಷ ಬೇಕಾಯಿತು. 1997ರಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟು ಬೇರೊಂದು ಕೇಸಿನಲ್ಲಿ, ಮತ ಬದಲಿಸಿದ ಮಾತ್ರಕ್ಕೆ ಮೊದಲ ಮದುವೆಯ ಹೊಣೆ ಕಳಚಿಕೊಳ್ಳುವುದಿಲ್ಲ ಎಂದು ಹೇಳಿತು.

ನಮ್ಮ ದೇಶದಲ್ಲೂ 1995ರ ಸರಳಾ ಮುದ್ಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. 2000ದ ಲಿಲಿ ಥಾಮಸ್ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿತು. ಆ ಕೇಸುಗಳ ಗಂಡಂದಿರು ಹಿಂದೂಗಳು ಅನ್ನೋದು ನಿಜ. ಆದರೆ ಕ್ರೈಸ್ತನ ಮದುವೆಯೂ ಒಬ್ಬಳೇ ಹೆಂಡತಿಯ ಮದುವೆ ತಾನೆ? ನ್ಯಾಯ ಬೇರೆ ಹೇಗಾದೀತು? ಈಗಿನ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಂತೆ ಇಂಥ ಎರಡನೇ ಮದುವೆಗೆ 7 ವರ್ಷದ ತನಕ ಜೈಲು. ಮೊದಲ ಮದುವೆ ಮುಚ್ಚಿಟ್ಟಿದ್ದರೆ 10 ವರ್ಷದ ತನಕ.

ಪೇಟೆಯ ಯಾವ ವ್ಯಾಪಾರಿಯನ್ನು ಬೇಕಾದರೂ ಕೇಳಿ. ಅಂಗಡಿಯ ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಹಳೇ ಸಾಲಗಾರರು ಸುಮ್ಮನಾಗುತ್ತಾರೆಯೇ? ಸಾಲ ಬೋರ್ಡಿನ ಮೇಲಿಲ್ಲ, ಮನುಷ್ಯನ ಮೇಲಿದೆ. ಮನೆಯಲ್ಲಿ ಕೂತ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು ಆ ಲೆಕ್ಕದ ಪುಸ್ತಕದಲ್ಲಿದ್ದಾರೆ.

ಇಷ್ಟಕ್ಕೂ ಗಂಡಸು ಈ ಅಡ್ಡದಾರಿ ಹುಡುಕಿದ್ದೇಕೆ? ನೇರದಾರಿ ಇಕ್ಕಟ್ಟಾಗಿತ್ತು ಅನ್ನೋದೂ ಒಂದು ಕಾರಣ. ಕ್ರೈಸ್ತರ ವಿಚ್ಛೇದನಕ್ಕೆ ನಮ್ಮಲ್ಲಿ ಇರುವುದು 1869ರ ಕಾಯಿದೆ. ಇಬ್ಬರೂ ಒಪ್ಪಿ ಬೇರೆಯಾಗುತ್ತೇವೆ ಎಂದರೂ ಅದರಲ್ಲಿ ಅವಕಾಶವಿರಲಿಲ್ಲ. ಗಂಡ ಹಾದರ ಮಾಡಿದರೂ ಹೆಂಡತಿ ಅದೊಂದರಿಂದಲೇ ಬಿಡುಗಡೆ ಕೇಳುವಂತಿರಲಿಲ್ಲ. ಜೊತೆಗೆ ಕ್ರೌರ್ಯವೋ ಎರಡು ವರ್ಷ ಬಿಟ್ಟುಹೋದದ್ದೋ ಸಾಬೀತಾಗಬೇಕಿತ್ತು. ಗಂಡನಿಗೆ ಮಾತ್ರ ಹೆಂಡತಿಯ ಹಾದರವೊಂದೇ ಸಾಕಿತ್ತು! ತಿದ್ದುಪಡಿ ಬಂದದ್ದು 2001ರಲ್ಲಿ. ಈಗ ಒಪ್ಪಿಗೆಯ ವಿಚ್ಛೇದನವೂ ಉಂಟು, ಗಂಡನೋ ಹೆಂಡತಿಯೋ ಮತಾಂತರವಾದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ನೇರದಾರಿ ತೆರೆದ ಮೇಲೂ ಬೇಲಿ ಹಾರುವವನಿಗೆ ಯಾವ ನೆಪವಿದೆ?

ಅವನ ಎದೆಯೊಳಗಿನ ನಂಬಿಕೆ ಅಳೆಯಲು ನೀವ್ಯಾರು ಎಂದು ಕೆಲವರು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಯಾರೂ ಅಳೆಯಬೇಕಾಗಿಲ್ಲ. ಅವನು ನಿಜವಾದ ಭಕ್ತನೇ ಆಗಿದ್ದರೂ ಮೊದಲ ಹೆಂಡತಿಯ ಹಕ್ಕು ಹೋಗುವುದಿಲ್ಲ. ಕಪಟಿಯಾದರಂತೂ ಕೇಳುವುದೇ ಬೇಡ. ಇಸ್ಲಾಂ ಕೂಡ ನಿಯತ್ತು ಮುಖ್ಯ ಅನ್ನುತ್ತದೆ. ಹೆಂಡತಿಯರ ನಡುವೆ ನ್ಯಾಯ ನಡೆಸಲಾರೆ ಎಂಬ ಭಯವಿದ್ದರೆ ಒಬ್ಬಳೇ ಸಾಕು ಎಂದು ಕುರಾನಿನಲ್ಲೇ ಇದೆ. ಮದುವೆಯಾಗಲೆಂದೇ ಬಂದವನಿಂದ ಮಸೀದಿಗೂ ಕೆಟ್ಟ ಹೆಸರು, ಪ್ರಾಮಾಣಿಕವಾಗಿ ಬಂದವನ ಮೇಲೂ ಅನುಮಾನ.

ಆದ್ದರಿಂದ ನಿಕಾಹ್ ಓದಿಸುವವರು ವರನಿಗೆ ಇನ್ನೊಂದು ಪ್ರಶ್ನೆ ಕೇಳಲಿ: ಮೊದಲ ಮದುವೆ ಆಗಿದೆಯೇ? ಆಗಿದ್ದರೆ ಕೋರ್ಟಿನ ವಿಚ್ಛೇದನದ ಪ್ರತಿ ಎಲ್ಲಿ? ಪ್ರತಿ ಇಲ್ಲದವನನ್ನು ಅಲ್ಲಿಂದಲೇ ವಾಪಸು ಕಳಿಸಲಿ. ಅವನು ನಮಾಜು ಮಾಡುವುದನ್ನು ಇದು ತಡೆಯುವುದಿಲ್ಲ. ಒಬ್ಬ ಹೆಂಗಸು ಬೀದಿಗೆ ಬೀಳುವುದನ್ನು ಮಾತ್ರ ತಡೆಯುತ್ತದೆ.