ಹಿಂದಿನ ಸೀಟಿನ ಅಹವಾಲು

ನಾನು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಹೇಳುವವಳು. ಮೋಟಾರು ಸೈಕಲ್ಲಿನ ಶಾಕಬ್ಸರ್ ಬಗ್ಗೆ ಬರೆಯಲು ಈ ಟೀಚರಿಗೆ ಏನು ಅಧಿಕಾರ ಎಂದು ಕೇಳುವವರು ಇದ್ದೇ ಇರುತ್ತಾರೆ. ಅಧಿಕಾರ ಇದೆ. ಮೂವತ್ತು ವರ್ಷ ನಾನು ಅದರ ಮೇಲೆ ಕೂತಿದ್ದೇನೆ. ಗಾಡಿ ಓಡಿಸುವವರು ಅದರ ಮುಂದೆ ಕೂರುತ್ತಾರೆ, ಮಾರುವವರು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾರೆ, ಬದಲಾಯಿಸುವವರು ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಸಾಕ್ಷಾತ್ ಅದರ ನೆತ್ತಿಯ ಮೇಲೆ ಕೂರುವವರು ನಾವು, ಹೆಂಗಸರು, ಮಕ್ಕಳು, ಮುದುಕರು. ನಮ್ಮನ್ನು ಈವರೆಗೆ ಯಾರೂ ಒಂದು ಮಾತು ಕೇಳಿಲ್ಲ.

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಯ ಕರೆಯೋಲೆ ಕೊಡಲು ಶಾಲೆಗೆ ಬಂದ. ಸಂಜೆ ನಾನು ಹೊರಟಾಗ, "ಬನ್ನಿ ಮಿಸ್, ಮನೆಗೆ ಬಿಡ್ತೀನಿ" ಅಂದ. ಬೈಕು ನೋಡಿದೆ. ಬಾಲ ಎತ್ತಿದ ಹೋರಿಕರುವಿನ ಹಾಗೆ ಹಿಂಭಾಗ ಎದ್ದು ನಿಂತಿತ್ತು. "ಬೇರೆ ಗಾಡೀದು ಮಿಸ್, ಸೆಕೆಂಡ್ ಹ್ಯಾಂಡ್. ಒಂದಿಂಚು ಉದ್ದ. ಲುಕ್ ಹೆಂಗಿದೆ?" ಎಂದು ಹೆಮ್ಮೆಯಿಂದ ಕೇಳಿದ. ನಾನು ಬ್ಯಾಗು ಕೆಳಗಿಟ್ಟು, ಹಿಂದಿನ ಸೀಟನ್ನು ಎರಡೂ ಕೈಯಿಂದ ಬಲವಾಗಿ ಅದುಮಿ ಬಿಟ್ಟೆ. ಅದು ಎದ್ದಿತು, ಬಗ್ಗಿತು, ಮತ್ತೆ ಎದ್ದಿತು, ಮತ್ತೆ ಬಗ್ಗಿತು. "ನೋಡಿ ಎಷ್ಟು ಸಾಫ್ಟ್ ಇದೆ" ಅಂದ ಹುಡುಗ. ನಾನು ನಡೆದೇ ಮನೆಗೆ ಬಂದೆ. ಅವನಿಗೆ ಬೇಜಾರಾಯಿತು. ಗೇಟಿನ ಬಳಿ ಅವನಿಗೆ ಹೇಳಬೇಕಾಗಿದ್ದನ್ನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಅದು ಸಾಫ್ಟ್ ಅಲ್ಲ, ಸತ್ತಿದೆ. ಶಾಕಬ್ಸರಿನಲ್ಲಿ ಇರುವುದು ಎರಡು ಜೀವ. ಹೊರಗೆ ಕಾಣುವ ಸ್ಪ್ರಿಂಗು ಭಾರ ಹೊರುತ್ತದೆ. ಒಳಗಿನ ಕೊಳವೆಯಲ್ಲಿರುವ ಎಣ್ಣೆ ಆ ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುತ್ತದೆ. ಸಣ್ಣ ಸಣ್ಣ ತೂತುಗಳ ಮೂಲಕ ಎಣ್ಣೆ ತಿಣುಕುತ್ತ ಹಾಯುವಾಗ ಗುಂಡಿಯ ಹೊಡೆತ ಶಾಖವಾಗಿ ಕರಗಿಹೋಗುತ್ತದೆ. ಸೀಲು ಸವೆದು ಎಣ್ಣೆ ಸೋರಿದ ಮೇಲೆ ಉಳಿಯುವುದು ಬರೀ ಸ್ಪ್ರಿಂಗು. ತೊಟ್ಟಿಲನ್ನು ಒಮ್ಮೆ ನೂಕಿದರೆ ತಾನೇ ತೂಗುತ್ತಿರುತ್ತದಲ್ಲ, ಹಾಗೆ. ಸರಿಯಾಗಿರುವುದನ್ನು ಅದುಮಿ ಬಿಟ್ಟರೆ ಒಮ್ಮೆ ಮೇಲೆ ಬಂದು ತೆಪ್ಪಗೆ ನಿಲ್ಲಬೇಕು. ಇದನ್ನು ಪರೀಕ್ಷಿಸಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಬಿ.ಎ., ಬಿ.ಎಡ್. ಸಾಕು.

ಹಳೆಯ ಸಾಮಾನು ಕೊಳ್ಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿದ ಅಜ್ಜಿಯ ಮೊಮ್ಮಗಳು ನಾನು. ಅರ್ಧ ಬೆಲೆಯ ಪುಸ್ತಕ ಓದಿಯೇ ಪದವಿ ಪಡೆದವಳು. ಕೆಲವು ಬೈಕುಗಳಿಗಂತೂ ಹಳೆಯದೇ ಗತಿ. ಮೈಸೂರಿನಲ್ಲಿ 1961ರಿಂದ ಜಾವಾ, ಯೆಜ್ಡಿಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ 1996ಕ್ಕೇ ನಿಂತಿತು. ಎರಡನ್ನೂ ಇಂದಿಗೂ ಹುಡುಗರು ಹುಡುಕಿ ಕೊಳ್ಳುತ್ತಾರೆ. ಅವುಗಳ ಬಿಡಿಭಾಗಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳನ್ನು ಅಲೆಯುವವರ ಮೋಹ ನನಗೆ ಅರ್ಥವಾಗುತ್ತದೆ. ಆದರೆ ಹಳೆ ಸೀರೆ ಎಲ್ಲಿ ಹರಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹಳೆ ಶಾಕಬ್ಸರ್ ಒಳಗೆ ಸತ್ತಿರುವುದು ಕಾಣುವುದಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿ, ಬೆಳ್ಳಿಬಣ್ಣ ಹೊಡೆದು ತೂಗುಹಾಕಿದರೆ ಹೆಣವೂ ಮದುಮಗನ ಹಾಗೆ ಕಾಣುತ್ತದೆ. ನನ್ನ ಜಗಳ ಆ ಬಣ್ಣದ ಜೊತೆ.

ಜಗಳಕ್ಕೆ ಕಾರಣವಿದೆ. 1998ರಲ್ಲಿ ನಮ್ಮ ಯಜಮಾನರ ಹತ್ತಿರ ಒಂದು ಯೆಜ್ಡಿ ಇತ್ತು. ಅದರ ಶಾಕಬ್ಸರ್ ಸೋರಿ ಮುಗಿದಾಗ ಗುಜರಿಯಿಂದ ಒಂದು ಜೋಡಿ ತಂದರು. ಬೇರೆ ಯಾವುದೋ ಬೈಕಿನದು, ಇನ್ನೂರೈವತ್ತು ರೂಪಾಯಿ. ಅದರ ಕಣ್ಣು ನಮ್ಮ ಗಾಡಿಯ ಬೋಲ್ಟಿಗಿಂತ ದೊಡ್ಡದು. ಮೆಕ್ಯಾನಿಕ್ ಒಂದು ಕೊಳವೆಯ ಚೂರನ್ನು ಕತ್ತರಿಸಿ ತುರುಕಿದ. ಉದ್ದವೂ ಹೆಚ್ಚು, "ಇನ್ನೂ ಒಳ್ಳೇದು, ಕುದುರೆ ತರ ಕಾಣುತ್ತೆ" ಅಂದ. ಮರುದಿನದಿಂದ ಸೈಡ್ ಸ್ಟ್ಯಾಂಡಿಗೆ ಒಂದು ಮರದ ತುಂಡು ಕೊಡಬೇಕಾಯಿತು, ಇಲ್ಲದಿದ್ದರೆ ಗಾಡಿ ಬೀಳುವಷ್ಟು ವಾಲುತ್ತಿತ್ತು. ಹಿಂದೆ ಕೂತ ನನಗೆ ಪ್ರತಿ ಗುಂಡಿಯೂ ಎರಡೆರಡು ಸಲ ತಗಲುತ್ತಿತ್ತು. ಹೇಳಿದೆ. "ನಂಗೇನೂ ಗೊತ್ತಾಗ್ತಾ ಇಲ್ವಲ್ಲ" ಎಂದರು.

ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಓಡಿಸುವವನು ಎರಡು ಚಕ್ರಗಳ ನಡುವೆ ಕೂರುತ್ತಾನೆ. ಹಿಂದಿನ ಚಕ್ರ ನಾಲ್ಕಿಂಚು ಎದ್ದರೆ ಅವನು ಏಳುವುದು ಸುಮಾರು ಅದರ ಅರ್ಧ. ನಾವು ಕೂರುವುದು ಹೆಚ್ಚುಕಡಿಮೆ ಆ ಚಕ್ರದ ನೆತ್ತಿಯ ಮೇಲೆ. ಅವನಿಗೆ ಗುಂಡಿ ಕಾಣುತ್ತದೆ, ಕಾಲಿನ ಮೇಲೆ ಭಾರ ಬಿಟ್ಟು ಮೈ ಎತ್ತುತ್ತಾನೆ. ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಮಗುವನ್ನೋ ಚೀಲವನ್ನೋ ಹಿಡಿದು ಕೂತವಳಿಗೆ ಮೈ ಎತ್ತುವ ದಾರಿಯೂ ಇಲ್ಲ.

ಎರಡು ವಾರ ಕಳೆದಿತ್ತು. ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಊರ ಬಾಗಿಲಿನಲ್ಲಿ ಯಾರೋ ಮಣ್ಣು ಸುರಿದು ಹಂಪ್ ಮಾಡಿದ್ದರು. ಮೊದಲ ಎತ್ತಿಗೆ ಸೀಟು ಬಿಟ್ಟೆ, ಕೆಳಗೆ ಬರುವಷ್ಟರಲ್ಲಿ ಸೀಟು ಎರಡನೆಯ ಸಲ ಮೇಲೆ ಬರುತ್ತಿತ್ತು. ರಸ್ತೆಯ ಮೇಲೆ ಕೂತ ಭಂಗಿಯಲ್ಲೇ ಬಿದ್ದೆ. ಸೊಂಟದ ಬಳಿ ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿತ್ತು. ಮೂರು ತಿಂಗಳು ಮಲಗಿದ್ದೆ. ಇಂದಿಗೂ ಒಂದು ಪೀರಿಯಡ್ ಪೂರ್ತಿ ನಿಂತು ಪಾಠ ಮಾಡಲು ನನ್ನಿಂದ ಆಗದು. ನೋಡಲು ಬಂದವರಿಗೆಲ್ಲ ಮನೆಯವರು ಹೇಳಿದ್ದು ಒಂದೇ ಮಾತು: "ಅವಳು ಸರಿಯಾಗಿ ಹಿಡ್ಕೊಂಡಿರಲಿಲ್ಲ." ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಗಾಡಿಯ ಕಾಯಿಲೆಗೆ ಬರೆ ಬಿದ್ದದ್ದು ನನ್ನ ಬೆನ್ನಿಗೆ.

ಎಂಟನೆಯ ತರಗತಿಗೆ ಕರ್ಮಣಿ ಪ್ರಯೋಗ ಕಲಿಸುವಾಗ ನನಗೆ ಇದು ನೆನಪಾಗುತ್ತದೆ. ಮುಂದೆ ಕೂತವನು ಕರ್ತರಿ: ಅವನು ಓಡಿಸಿದನು, ಕೊಂಡನು, ಮಾರಿದನು, ಎತ್ತರಿಸಿದನು. ಹಿಂದೆ ಕೂತವಳು ಕರ್ಮಣಿ: ಕೂರಿಸಲ್ಪಟ್ಟಳು, ಕುಲುಕಿಸಲ್ಪಟ್ಟಳು, ಎಸೆಯಲ್ಪಟ್ಟಳು. ಬಿದ್ದಾಗ ಮಾತ್ರ ಇದ್ದಕ್ಕಿದ್ದಂತೆ ಅವಳಿಗೆ ಕರ್ತೃಪದ ಸಿಗುತ್ತದೆ: "ಅವಳು ಹಿಡಿದುಕೊಳ್ಳಲಿಲ್ಲ." ಹಿಂದಿನ ಸೀಟಿನ ಸುಖವನ್ನು ಮುಂದಿನ ಸೀಟಿನವನು ಮಾರುವುದು ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗಲ್ಲದೆ ಇನ್ನೇನು?

ಇನ್ನು "ಅಡ್ಜಸ್ಟ್" ಎಂಬ ಪದದ ಅಡಿಯಲ್ಲಿ ನಡೆಯುವ ಅನಾಹುತಗಳನ್ನು ನೋಡಿ. ಒಂದಿಂಚು ಉದ್ದದ್ದನ್ನು ಹಾಕಿದರೆ ಗಾಡಿಯ ಮೂತಿ ಕೆಳಗಾಗುತ್ತದೆ, ಹ್ಯಾಂಡಲಿನ ಸ್ಥಿರತೆ ಕಡಿಮೆಯಾಗುತ್ತದೆ, ಚೈನಿನ ಬಿಗಿ ಬದಲಾಗುತ್ತದೆ. ಗಿಡ್ಡದ್ದನ್ನು ಹಾಕಿದರೆ ಇಬ್ಬರು ಕೂತಾಗ ಟೈರು ಮಡ್‌ಗಾರ್ಡಿಗೆ ತಗಲುತ್ತದೆ. ಸ್ಪ್ರಿಂಗು ಬಿರುಸಾಗಿದೆ ಎಂದು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದರೆ ಉಕ್ಕಿನ ಹದ ಹೋಗಿ ಅದು ಕುಸಿಯುತ್ತದೆ. ಕತ್ತರಿಸಿದರೆ ಮೆತ್ತಗಾಗುತ್ತದೆ ಎಂದು ನಂಬಿದವರಿದ್ದಾರೆ. ನಮ್ಮ ವಿಜ್ಞಾನದ ಮೇಷ್ಟ್ರು ನನಗೆ ಹೇಳಿಕೊಟ್ಟಂತೆ, ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿದರೆ ಅದರ ಬಿರುಸು ಎರಡರಷ್ಟಾಗುತ್ತದೆ. ಎರಡು ಶಾಕಬ್ಸರಿನ ಗಾಡಿಗೆ ಚಾಸಿ ಕುಯ್ದು, ಬೆಸುಗೆ ಹಾಕಿ, ನಡುವೆ ಒಂದೇ ಮಾನೋಶಾಕ್ ಕೂರಿಸುವ ಧೀರರೂ ಇದ್ದಾರೆ. ಆ ಚಾಸಿ ಆ ಜಾಗದಲ್ಲಿ ಅಷ್ಟು ಭಾರ ಹೊರಲೆಂದು ತಯಾರಾದದ್ದಲ್ಲ. ಬೆಸುಗೆ ಬಿಟ್ಟ ದಿನ ಅದರ ಮೇಲೆ ಯಾರು ಕೂತಿರುತ್ತಾರೆ ಎಂದು ನಾನು ಮತ್ತೆ ಹೇಳಬೇಕೆ?

ಕಾನೂನು ನಮ್ಮನ್ನು ಪೂರ್ತಿ ಮರೆತಿಲ್ಲ ಎಂಬುದನ್ನು ಸಮಾಜ ಪಾಠದವಳಾಗಿ ಒಪ್ಪಿಕೊಳ್ಳುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ, ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ, ಈ ಮೂರೂ ಇರಬೇಕು ಎನ್ನುತ್ತದೆ. ನಮ್ಮ ಸೆರಗನ್ನು ನೆನೆದು ಬರೆದ ನಿಯಮ ಅದು. 1988ರ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಆದರೆ ಗುಜರಿ ಗಲ್ಲಿಯಲ್ಲಿ ಎಣ್ಣೆ ಒರೆಸುವ ಬಟ್ಟೆಯವರೆಗೆ ಯಾವ ಕಲಮು ಹೋಗುತ್ತದೆ? ಅಲ್ಲಿಗೆ ಹೋಗಬೇಕಾದದ್ದು ಮನುಷ್ಯರ ನಾಚಿಕೆ.

"ಬಡವರು ಹೊಸದು ಎಲ್ಲಿಂದ ತರಬೇಕು?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಹಳೆಯದನ್ನೇ ಸರಿಯಾಗಿ ಕೊಳ್ಳಿ ಎನ್ನುತ್ತೇನೆ. ನಿಮ್ಮ ಗಾಡಿಯದೇ ಆಗಿರಲಿ, ಜೋಡಿಯಾಗಿಯೇ ಇರಲಿ. ಒಂದು ಗಟ್ಟಿ ಒಂದು ಸತ್ತದ್ದು ಹಾಕಿದರೆ ಹಿಂದಿನ ಚಕ್ರದ ತೋಳು ತಿರುಚುತ್ತದೆ. ಕಣ್ಣಿನಿಂದ ಕಣ್ಣಿಗೆ ಟೇಪು ಹಿಡಿದು ಅಳೆಯಿರಿ. ಸ್ಪ್ರಿಂಗು ತೆಗೆಸಿ ಸರಳನ್ನು ಒತ್ತಿ ನೋಡಿ: ಒಂದೇ ಸಮನೆ ಬಿಗಿಯಾಗಿ ಜಾರಬೇಕು, ನಡುವೆ ಪೊಳ್ಳು ಸಿಕ್ಕರೆ ಬಿಟ್ಟು ಬನ್ನಿ. ಸರಳು ತುಕ್ಕು ತಿಂದಿದ್ದರೆ ಹೊಸ ಸೀಲನ್ನೂ ಅದು ಹರಿದುಹಾಕುತ್ತದೆ. ಬಿಚ್ಚಲು ಬರುವಂಥದ್ದಾದರೆ ಸೀಲು, ಎಣ್ಣೆ ಬದಲಿಸಿಕೊಡುವ ಕೈಗಳು ಇನ್ನೂ ನಮ್ಮ ಊರುಗಳಲ್ಲಿವೆ. ಅವರಿಗೆ ಕೆಲಸ ಕೊಡಿ. ಬಾಯಿ ಬೆಸೆದು ಬಂದದ್ದನ್ನೂ ಗ್ಯಾಸ್ ತುಂಬಿದ್ದನ್ನೂ ಕುಯ್ಯಲು, ಕಾಯಿಸಲು ಹೋಗಬೇಡಿ. ಇದ್ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ.

"ಅಷ್ಟು ಕಷ್ಟವಾದರೆ ಹಿಂದೆ ಕೂರಬೇಡಿ" ಎನ್ನುವವರಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಬಸ್ಸು ಬಾರದ ಊರಿನಲ್ಲಿ ಒಂದು ವಾರ ಇದ್ದು ಬರಲಿ.

ಈಗ ಹೇಳದೆ ಬಿಟ್ಟ ಒಂದು ಮಾತನ್ನು ಹೇಳಿಬಿಡಬೇಕು. ನಾನು ಬಿದ್ದ ಮೇಲೆ ಯಜಮಾನರು ಆ ಜೋಡಿಯನ್ನು ಬಿಚ್ಚಿಸಿದರು. ಎಸೆಯಲಿಲ್ಲ, ಮಾರಿದರು, ನೂರೈವತ್ತು ರೂಪಾಯಿಗೆ. ಕೊಳ್ಳುವವನು ಬರುವ ಮುಂಚೆ ಒರೆಸಲು ಬಟ್ಟೆ ಕೇಳಿದರು. ಹಾಸಿಗೆಯ ಮೇಲಿಂದಲೇ ನನ್ನ ಹಳೆ ಸೀರೆಯ ತುಂಡು ಎಲ್ಲಿದೆ ಎಂದು ತೋರಿಸಿದವಳು ನಾನು. ಕೊಳ್ಳಲು ಬಂದವನು ಹೊಸದಾಗಿ ಮದುವೆಯಾದವನು. ಪಕ್ಕದ ಕೋಣೆಯಲ್ಲಿ "ಚೆನ್ನಾಗಿದೆಯಾ ಸಾರ್?" ಎಂದು ಅವನು ಕೇಳಿದ್ದು ನನಗೆ ಕೇಳಿಸಿತು. ನೂರೈವತ್ತು ರೂಪಾಯಿ ಔಷಧಿಗೆ ಆಯಿತು ಎಂದುಕೊಂಡು ಸುಮ್ಮನಿದ್ದೆ. ನನ್ನ ಬೆನ್ನು ಮುರಿದದ್ದನ್ನು ಇನ್ನೊಬ್ಬ ಹುಡುಗಿಯ ಬೆನ್ನಿನ ಕೆಳಗೆ ಕಳಿಸಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಮಾರುವವರನ್ನು ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತಿದ್ದೇನೆ. ಇದನ್ನು ಓದಿ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನು ಯಾವ ಊರಿನವನು ಅಂತ ನೆನಪಿದೆಯಾ?" ಎಂದು ಕೇಳಿದರು. ನನಗೂ ನೆನಪಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಮಾರುವವರು ಸೋರಿದ್ದನ್ನು ಸೋರಿದೆ ಎಂದು ಹೇಳಿ ಗುಜರಿಯ ತೂಕಕ್ಕೆ ಮಾರಲಿ. ಕೊಳ್ಳುವವರು ಹಣ ಎಣಿಸುವ ಮುಂಚೆ, ಹಿಂದೆ ಕೂರುವವರನ್ನು ಕೂರಿಸಿಕೊಂಡು ಒಂದು ಹಂಪ್ ದಾಟಿಸಿ, ಹೇಗಿದೆ ಎಂದು ಕೇಳಲಿ. ಅವರು ಬೇಡ ಎಂದರೆ ವ್ಯಾಪಾರ ಅಲ್ಲಿಗೇ ಮುಗಿಯಲಿ.

ನನ್ನ ವಿದ್ಯಾರ್ಥಿಯ ಮದುವೆ ಬರುವ ತಿಂಗಳು. ಮುಯ್ಯಿಗೆ ಸ್ಟೀಲ್ ಡಬ್ಬಿ ಕೊಡುವ ಬದಲು ಅವನ ಗಾಡಿಗೆ ಸರಿಯಾದ ಅಳತೆಯ ಹೊಸ ಜೋಡಿ ಶಾಕಬ್ಸರ್ ಕೊಡಬೇಕೆಂದಿದ್ದೇನೆ. ಬಿಲ್ಲು ಹುಡುಗಿಯ ಹೆಸರಿನಲ್ಲಿ ಬರೆಸುತ್ತೇನೆ. ಕೂರುವವಳು ಅವಳು ತಾನೆ.